ಗೆಳೆಯರು ದೋಣಿಯಲ್ಲಿ, ನೀವು ದಡದಲ್ಲಿ: ಮಿಸೌರಿ ನದಿಯ ಕನೂ ಅಭ್ಯಾಸಕ್ಕೆ ಗ್ರೌಂಡ್ ಕ್ರೂ ಆಗುವುದು ಹೇಗೆ

ಅಮೆರಿಕದ ಮಿಸೌರಿ ನದಿಯಲ್ಲಿ ಎಂಆರ್340 ಅನ್ನೋ ದೋಣಿ ರೇಸ್ ನಡೆಯುತ್ತದೆ. 2006ರಲ್ಲಿ ಶುರುವಾದದ್ದು. ಕಾನ್ಸಾಸ್ ಸಿಟಿಯ ಕಾ ಪಾಯಿಂಟ್‌ನಿಂದ ಸೇಂಟ್ ಚಾರ್ಲ್ಸ್ ಊರಿನವರೆಗೆ 340 ಮೈಲಿ, ಅಂದರೆ ಸುಮಾರು 547 ಕಿಲೋಮೀಟರ್. ನಾಲ್ಕು ದಿನ ತುಂಬುವುದರೊಳಗೆ ಮುಗಿಸಬೇಕು. ಕನೂ ಅಂದರೆ ಹುಟ್ಟು ಹಾಕಿ ನಡೆಸುವ ಉದ್ದ, ಕಿರಿದಾದ ದೋಣಿ; ಅಂಥ ನೂರಾರು ದೋಣಿಗಳು ಬರುತ್ತವೆ. ನೀರಿನ ಮೇಲೆ ಇರುವವರಿಗೆ ಊಟ, ನೀರು, ಒಣಬಟ್ಟೆ, ಧೈರ್ಯ ಇವನ್ನೆಲ್ಲ ದಡದಿಂದ ದಡಕ್ಕೆ ಕಾರಿನಲ್ಲಿ ಹೊತ್ತು ತರುವವರನ್ನು ಅಲ್ಲಿ ಗ್ರೌಂಡ್ ಕ್ರೂ ಅನ್ನುತ್ತಾರೆ.

ಕಾನ್ಸಾಸ್ ಸಿಟಿಯ ಸುತ್ತ, ಓವರ್‌ಲ್ಯಾಂಡ್ ಪಾರ್ಕ್ ಕಡೆ, ನಮ್ಮವರು ಸಾಕಷ್ಟು ಜನ ಇದ್ದಾರೆ. ಆಫೀಸಿನ ಗೆಳೆಯರೋ ಪಕ್ಕದ ಮನೆಯವರೋ ಈ ರೇಸಿಗೆ ತಯಾರಾಗುತ್ತಾ "ಶನಿವಾರ ನಮ್ಮ ಜೊತೆ ಬರ್ತೀರಾ?" ಅಂತ ಕೇಳಿದರೆ ಈ ಬರಹ ನಿಮಗೆ. ನಿಮಗೆ ಈಜು ಬರಬೇಕಿಲ್ಲ, ಹುಟ್ಟು ಹಿಡಿದು ಗೊತ್ತಿರಬೇಕಿಲ್ಲ. ಕಾರು ಓಡಿಸಲು ಬರಬೇಕು, ಗಡಿಯಾರ ನೋಡುವ ಅಭ್ಯಾಸ ಇರಬೇಕು, ದೋಣಿ ದಡ ಮುಟ್ಟುವ ಮೊದಲೇ ನೀವು ಅಲ್ಲಿ ನಿಂತಿರಬೇಕು. ಈ ಕೊನೆಯದಕ್ಕೇ ಅಭ್ಯಾಸ ಬೇಕಾಗುವುದು. ಅಭ್ಯಾಸದ ದಿನ ದೋಣಿಯವರು ಎಷ್ಟು ಕಲಿಯುತ್ತಾರೋ ದಡದವರೂ ಅಷ್ಟೇ ಕಲಿಯಬೇಕು.

ಇಲ್ಲಿ ಉದಾಹರಣೆಗೆ ಕಾ ಪಾಯಿಂಟ್‌ನಿಂದ ಲೆಕ್ಸಿಂಗ್ಟನ್‌ವರೆಗಿನ ಒಂದು ದಿನದ ಅಭ್ಯಾಸವನ್ನು ತೆಗೆದುಕೊಂಡಿದ್ದೇನೆ. ನದಿಯಲ್ಲಿ ಸುಮಾರು 50 ಮೈಲಿ. ಮೊದಲ ಸಲಕ್ಕೆ ಇದು ಒಳ್ಳೆಯ ಆಯ್ಕೆ. ಬೆಳಿಗ್ಗೆ ಹೊರಟರೆ ಹಗಲಲ್ಲೇ ಮುಗಿಯುತ್ತದೆ, ಕಾರಿನ ದಾರಿಯೂ ಸುಲಭ.

ಹೋಗುವ ಮೊದಲು ಕೂತು ಮಾತಾಡಿ

ಎರಡು ಮೂರು ದಿನ ಮುಂಚೆ ದೋಣಿಯವರ ಜೊತೆ ಅರ್ಧ ಗಂಟೆ ಕೂರಿ. ಒಂದು ಹಾಳೆಯಲ್ಲಿ ಇಷ್ಟನ್ನು ಬರೆದುಕೊಳ್ಳಿ: ದೋಣಿಯಲ್ಲಿರುವವರ ಹೆಸರು, ಫೋನ್ ನಂಬರ್, ಮನೆಯವರ ನಂಬರ್, ಯಾರಿಗೆ ಯಾವ ಔಷಧಿ, ಯಾವ ಅಲರ್ಜಿ. ದೋಣಿಯ ಬಣ್ಣ ಮತ್ತು ಉದ್ದ. ಎಲ್ಲಿಂದ ಎಷ್ಟು ಗಂಟೆಗೆ ಹೊರಡುವುದು, ಎಲ್ಲೆಲ್ಲಿ ನಿಲ್ಲುವುದು, ಎಲ್ಲಿ ಮುಗಿಸುವುದು. ಅವರು ಹಾಕಿಕೊಂಡ ಬಟ್ಟೆಯ ಬಣ್ಣವನ್ನು ಆ ದಿನ ಬೆಳಿಗ್ಗೆ ಸೇರಿಸಿ. ಹೊರಡುವ ಮುಂಚೆ ಎಲ್ಲರ ಒಂದು ಫೋಟೋ ತೆಗೆದರೆ ಆ ಕೆಲಸವೂ ಆಯಿತು.

ಹಾಳೆಯ ಕೊನೆಯಲ್ಲಿ ಎರಡು ಸಮಯ ಬರೆಯಿರಿ. ಒಂದು, ಅವರು ಬರಬೇಕಾದ ಸಮಯ. ಇನ್ನೊಂದು, ಅಷ್ಟು ಹೊತ್ತಾದರೂ ಸುದ್ದಿ ಇಲ್ಲದಿದ್ದರೆ ನೀವು ಸಹಾಯಕ್ಕೆ ಫೋನ್ ಮಾಡುವ ಸಮಯ. ಈ ಎರಡನೆಯದನ್ನು ಎಲ್ಲರೂ ಒಪ್ಪಿ ಬರೆಯಬೇಕು. ಆಗ ಸಂಜೆ ದಡದಲ್ಲಿ ಒಬ್ಬರೇ ನಿಂತು "ಫೋನ್ ಮಾಡಲೋ ಬೇಡವೋ, ಸುಮ್ನೆ ಗಾಬರಿ ಮಾಡಿದ ಹಾಗಾಗುತ್ತಾ?" ಅಂತ ಒದ್ದಾಡಬೇಕಾಗಿಲ್ಲ.

ಇನ್ನೊಂದು ಮಾತನ್ನೂ ಆಗಲೇ ಮುಗಿಸಿ. ಯಾವಾಗ ಅಭ್ಯಾಸ ನಿಲ್ಲಿಸಬೇಕು? ಗುಡುಗು ಕೇಳಿಸಿದರೆ, ಯಾರಿಗಾದರೂ ವಾಂತಿ ನಿಲ್ಲದಿದ್ದರೆ, ಮಾತು ತೊದಲಿದರೆ ಅಲ್ಲಿಗೆ ನಿಲ್ಲಿಸುವುದು ಅಂತ ಎಲ್ಲರೂ ಒಪ್ಪಿರಬೇಕು. ದೋಣಿಯವರಿಗೆ ದಣಿವಿನಲ್ಲಿ ಸರಿಯಾಗಿ ಯೋಚಿಸಲು ಆಗುವುದಿಲ್ಲ. ಅವರ ಪರವಾಗಿ "ಇವತ್ತಿಗೆ ಸಾಕು" ಅನ್ನುವ ಅಧಿಕಾರ ನಿಮಗೆ ಇದೆ ಅಂತ ಅವರ ಬಾಯಿಂದಲೇ ಹೇಳಿಸಿಕೊಳ್ಳಿ.

ನದಿಯ ಮೈಲಿ ಲೆಕ್ಕ ಕಲಿಯಿರಿ

ಗ್ರೌಂಡ್ ಕ್ರೂ ಕೆಲಸದ ಬೆನ್ನೆಲುಬು ಇದು. ಮಿಸೌರಿ ನದಿ ಸೇಂಟ್ ಲೂಯಿಸ್ ಹತ್ತಿರ ಮಿಸಿಸಿಪಿಯನ್ನು ಸೇರುತ್ತದೆ. ಆ ಜಾಗ ಸೊನ್ನೆ. ಅಲ್ಲಿಂದ ನದಿಯ ಮೇಲ್ಗಡೆಗೆ ಮೈಲಿ ಎಣಿಸುತ್ತಾರೆ. ಹಾಗಾಗಿ ಹರಿವಿನ ಜೊತೆ ಹೋಗುವವರಿಗೆ ಸಂಖ್ಯೆ ಇಳಿಯುತ್ತಾ ಬರುತ್ತದೆ. ಕಾ ಪಾಯಿಂಟ್ ಸುಮಾರು 367ನೇ ಮೈಲಿ. ದಾರಿಯ ಮೊದಲ ನಿಲುಗಡೆ ಲಾ ಬೆನೀಟ್ ಪಾರ್ಕ್ ಸುಮಾರು 353. ಲೆಕ್ಸಿಂಗ್ಟನ್ 317. ದಡದ ಮೇಲೆ ಅಲ್ಲಲ್ಲಿ ಮೈಲಿ ಬರೆದ ಫಲಕಗಳು ಇರುತ್ತವೆ, ದೋಣಿಯವರು ಅವನ್ನು ಓದಿ ನಿಮಗೆ ಮೆಸೇಜ್ ಕಳಿಸಬಹುದು. ಅಮೆರಿಕದ ಸೇನೆಯ ಎಂಜಿನಿಯರ್ ವಿಭಾಗ ಈ ನದಿಯ ನಕ್ಷೆಗಳನ್ನು ಉಚಿತವಾಗಿ ಕೊಡುತ್ತದೆ. ಬೇಕಾದ ಪುಟಗಳನ್ನು ಪ್ರಿಂಟ್ ಮಾಡಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಒಂದು ಪ್ರತಿ ದೋಣಿಗೆ, ಒಂದು ನಿಮ್ಮ ಕಾರಿಗೆ ಇಡಿ.

ಈಗ ಲೆಕ್ಕ. ಬೇಸಿಗೆಯ ಸಾಮಾನ್ಯ ನೀರಿನಲ್ಲಿ, ಇಬ್ಬರು ಹುಟ್ಟು ಹಾಕುವ ಕನೂ ಹರಿವಿನ ಬಲವೂ ಸೇರಿ ಗಂಟೆಗೆ 5ರಿಂದ 7 ಮೈಲಿ ಹೋಗುತ್ತದೆ. ಊಹೆ ಮಾಡುತ್ತಾ ಕೂರಬೇಡಿ, ಮೊದಲ ನಿಲುಗಡೆಯಲ್ಲಿ ಅಳೆಯಿರಿ. ಏಳು ಗಂಟೆಗೆ 367ರಿಂದ ಹೊರಟವರು 9:20ಕ್ಕೆ 353ಕ್ಕೆ ಬಂದರು ಅಂದುಕೊಳ್ಳಿ. 14 ಮೈಲಿ, 2 ಗಂಟೆ 20 ನಿಮಿಷ, ಅಂದರೆ ಗಂಟೆಗೆ 6 ಮೈಲಿ. ಲೆಕ್ಸಿಂಗ್ಟನ್‌ಗೆ ಇನ್ನೂ 36 ಮೈಲಿ, ಅಂದರೆ ಆರು ಗಂಟೆ. ಇಪ್ಪತ್ತು ನಿಮಿಷ ನಿಂತು 9:40ಕ್ಕೆ ಹೊರಟರೆ ಮಧ್ಯಾಹ್ನ 3:40ಕ್ಕೆ ಮುಟ್ಟುತ್ತಾರೆ. ನೀವು 2:45ಕ್ಕೆ ಅಲ್ಲಿ ಇರಿ. ಎದುರುಗಾಳಿ ಬಿದ್ದರೆ ಅವರು ತಡವಾಗುತ್ತಾರೆ, ನೀರು ಏರಿದ್ದರೆ ಬೇಗ ಬರುತ್ತಾರೆ. ತಡವಾದರೆ ನೀವು ಕಾಯುತ್ತೀರಿ ಅಷ್ಟೇ. ಬೇಗ ಬಂದಾಗ ನೀವಿಲ್ಲದಿದ್ದರೆ ಅವರ ಮನಸ್ಸು ಕುಸಿಯುತ್ತದೆ.

ನೀರು ಮತ್ತು ಆಕಾಶ

ತುಂಗೆ, ಕಾವೇರಿ ದಡದಲ್ಲಿ ಬೆಳೆದವರಿಗೆ ಬೇಸಿಗೆಯಲ್ಲಿ ಬಂಡೆ ಎದ್ದು ಕಾಣುವ ನದಿ ಗೊತ್ತು. ಮಿಸೌರಿಯ ಬಂಡೆಗಳು ಬೇರೆ ಥರ. ನೀರು ಕಂದು ಬಣ್ಣ, ಗೇಣು ಆಳದಲ್ಲಿ ಏನಿದೆ ಕಾಣುವುದಿಲ್ಲ. ಹಡಗುಗಳ ಓಡಾಟಕ್ಕೆ 9 ಅಡಿ ಆಳದ ದಾರಿ ಇರಲಿ ಅಂತ ದಡದಿಂದ ನದಿಯೊಳಕ್ಕೆ ಕಲ್ಲಿನ ಒಡ್ಡುಗಳನ್ನು ಕಟ್ಟಿದ್ದಾರೆ. ನೀರು ಕಡಿಮೆ ಇದ್ದಾಗ ಅವು ಕಾಣುತ್ತವೆ. ಸ್ವಲ್ಪ ಏರಿದಾಗ ಮುಳುಗಿ, ಮೇಲೆ ನೀರು ಉಕ್ಕಿ, ಹಿಂದೆ ಸುಳಿ ಏಳುತ್ತದೆ.

ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್ ಕಾನ್ಸಾಸ್ ಸಿಟಿ, ವೇವರ್ಲಿ, ಬೂನ್‌ವಿಲ್, ಹರ್ಮನ್ ಊರುಗಳಲ್ಲಿ ನೀರಿನ ಮಟ್ಟ ಅಳೆಯುತ್ತದೆ. ಅದು ಇಂಟರ್ನೆಟ್‌ನಲ್ಲಿ ಯಾರಿಗೂ ಸಿಗುತ್ತದೆ. ಹೊರಡುವ ವಾರವಿಡೀ ದಿನಾ ಒಮ್ಮೆ ನೋಡಿ. ಗ್ರಾಫಿನ ಗೆರೆ ಏರುತ್ತಿದೆಯೋ ಇಳಿಯುತ್ತಿದೆಯೋ ಅನ್ನುವುದು ಇವತ್ತಿನ ಮಟ್ಟಕ್ಕಿಂತ ಮುಖ್ಯ. ನೀರು ಏರುವಾಗ ದಡದ ಮರದ ದಿಮ್ಮಿಗಳನ್ನೆಲ್ಲ ಎಬ್ಬಿಸಿಕೊಂಡು ಬರುತ್ತದೆ. ಗೆರೆ ಜೋರಾಗಿ ಮೇಲೆ ಹೋಗುತ್ತಿದ್ದರೆ ಅಭ್ಯಾಸವನ್ನು ಮುಂದಿನ ವಾರಕ್ಕೆ ಹಾಕಿ ಅಂತ ಹೇಳಲು ಸಂಕೋಚ ಬೇಡ.

ಅಭ್ಯಾಸದ ದಿನ ಮಳೆಯ ರೇಡಾರ್ ನೋಡುವುದು ನಿಮ್ಮ ಕೆಲಸ. ದೋಣಿಯವರಿಗೆ ಆಕಾಶದ ಒಂದು ತುಂಡು ಮಾತ್ರ ಕಾಣುತ್ತದೆ, ನಿಮಗೆ ಮೊಬೈಲಿನಲ್ಲಿ ಇಡೀ ರಾಜ್ಯ ಕಾಣುತ್ತದೆ. ಆ ಕಡೆಯ ಬೇಸಿಗೆಯ ಗುಡುಗು ಮಳೆ ಬೇಗ ಮೈಮೇಲೆ ಬರುತ್ತದೆ. ಮೋಡ ಕಟ್ಟುತ್ತಿದೆ ಅಂದ ಕೂಡಲೇ ಮೆಸೇಜ್ ಕಳಿಸಿ. ಗುಡುಗು ಕೇಳಿಸಿದರೆ ಅವರು ದಡ ಹತ್ತಬೇಕು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ನೀರಿಗೆ ಇಳಿಯಬಾರದು.

ಕಾರಿಗೆ ಏನು ತುಂಬಬೇಕು

ದೊಡ್ಡ ಐಸ್ ಪೆಟ್ಟಿಗೆ ಎರಡು ಇರಲಿ. ಒಂದು ಕುಡಿಯುವುದಕ್ಕೆ, ಒಂದು ಊಟಕ್ಕೆ. ಒಂದೇ ಪೆಟ್ಟಿಗೆಯಾದರೆ ನೀರಿನ ಬಾಟಲಿಗೆ ಪದೇ ಪದೇ ತೆಗೆದು ಊಟದ ಐಸೂ ಕರಗುತ್ತದೆ. ಜುಲೈ ತಿಂಗಳಲ್ಲಿ ಅಲ್ಲಿ 35 ಡಿಗ್ರಿ ಸೆಲ್ಸಿಯಸ್ ಸಾಮಾನ್ಯ, ಜೊತೆಗೆ ಸೆಖೆ.

ನೀರಿನ ಲೆಕ್ಕ ಒಬ್ಬರಿಗೆ ಗಂಟೆಗೆ ಅರ್ಧದಿಂದ ಒಂದು ಲೀಟರ್. ಬರೀ ನೀರು ಸಾಲದು, ಉಪ್ಪು ಬೇಕು. ಬೆವರಿನಲ್ಲಿ ಉಪ್ಪು ಹೋಗುತ್ತಲೇ ಇದ್ದು ಮೇಲಿಂದ ಸಾದಾ ನೀರನ್ನೇ ಸುರಿದುಕೊಂಡರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾಗುತ್ತದೆ. ಇದು ಪ್ರಾಣಕ್ಕೂ ಅಪಾಯ. ಇಲ್ಲಿ ನಮ್ಮ ಅಡುಗೆಮನೆ ತುಂಬಾ ಸಹಾಯಕ್ಕೆ ಬರುತ್ತದೆ. ಉಪ್ಪು ಹಾಕಿದ ತೆಳು ಮಜ್ಜಿಗೆ, ಉಪ್ಪು ಸಕ್ಕರೆ ಎರಡೂ ಹಾಕಿದ ನಿಂಬೆ ಶರಬತ್ತು ಬಿಸಿಲಲ್ಲಿ ದಣಿದವರಿಗೆ ಎಷ್ಟು ಹಿಡಿಸುತ್ತದೆ ಅಂತ ಕೊಟ್ಟು ನೋಡಿ. ಅಂಗಡಿಯ ಎಲೆಕ್ಟ್ರೊಲೈಟ್ ಪುಡಿಯೂ ಇರಲಿ.

ಊಟಕ್ಕೆ ಪುಳಿಯೋಗರೆ ಒಳ್ಳೆಯದು. ಹುಣಸೆಯ ಹುಳಿ, ಎಣ್ಣೆ, ಉಪ್ಪು ಎಲ್ಲ ಇದೆ, ದಣಿದ ಬಾಯಿಗೂ ರುಚಿ ಹತ್ತುತ್ತದೆ. ಮೊಸರನ್ನ ಹೊಟ್ಟೆಗೆ ತಂಪು, ಆದರೆ ಐಸ್ ಮೇಲೆಯೇ ಇರಬೇಕು. 32 ಡಿಗ್ರಿ ಮೀರಿದ ಬಿಸಿಲಿನಲ್ಲಿ ಬೇಯಿಸಿದ ಅಡುಗೆಯನ್ನು ಒಂದು ಗಂಟೆಗಿಂತ ಹೆಚ್ಚು ಹೊರಗೆ ಇಡಬಾರದು ಅಂತ ಅಲ್ಲಿನ ಕೃಷಿ ಇಲಾಖೆ ಹೇಳುತ್ತದೆ. ಅದನ್ನು ಪುಳಿಯೋಗರೆಗೂ ಪಾಲಿಸಿ. ದೋಣಿಯಲ್ಲಿ ಒಂದು ಕೈಯಲ್ಲಿ ತಿನ್ನಲು ಕಡಲೆ ಮಿಠಾಯಿ, ಖರ್ಜೂರ, ಬಾಳೆಹಣ್ಣು. ಅಮೆರಿಕನ್ ಗೆಳೆಯರಾದರೆ ಖಾರ ಕಡಿಮೆ ಮಾಡಿ, ಅವರಿಗೆ ರೂಢಿಯಾದ ಸ್ಯಾಂಡ್‌ವಿಚ್ಚೂ ಇರಲಿ. ಹೊಸ ತಿಂಡಿಯನ್ನು ಅಭ್ಯಾಸದ ದಿನವೇ ತಿಂದು ನೋಡಬೇಕು, ರೇಸ್ ದಿನ ಮೊದಲ ಸಲ ಕೊಡಬಾರದು.

ಉಳಿದ ಸಾಮಾನು: ಒಂದು ಹೆಚ್ಚಿನ ಹುಟ್ಟು, ಒಂದು ಹೆಚ್ಚಿನ ಲೈಫ್ ಜಾಕೆಟ್, ಒಬ್ಬೊಬ್ಬರಿಗೆ ಒಂದು ಜೊತೆ ಒಣಬಟ್ಟೆ ಮತ್ತು ಕಾಲುಚೀಲ, ಟವೆಲ್, ಪ್ರಥಮ ಚಿಕಿತ್ಸೆಯ ಡಬ್ಬಿ, ಬೊಬ್ಬೆಗೆ ಅಂಟಿಸುವ ಟೇಪ್, ಮಗುವಿನ ಡೈಪರ್ ಉರಿಗೆ ಹಚ್ಚುವ ಕ್ರೀಮ್ (ಗಂಟೆಗಟ್ಟಲೆ ಒದ್ದೆಯಲ್ಲಿ ಕೂತವರಿಗೆ ಇದು ದೊಡ್ಡ ಉಪಕಾರ), ಸನ್‌ಸ್ಕ್ರೀನ್, ಸೊಳ್ಳೆ ಔಷಧಿ, ಗಟ್ಟಿ ಅಂಟುಪಟ್ಟಿ, ಹಗ್ಗ, ಟಾರ್ಚ್, ಫೋನ್ ಚಾರ್ಜರ್, ಮಡಚುವ ಕುರ್ಚಿ, ನೆರಳಿಗೆ ಒಂದು ಟೆಂಟು ಅಥವಾ ದೊಡ್ಡ ಛತ್ರಿ. ನಿಮಗಾಗಿ ಹಳೆಯ ಶೂ ತನ್ನಿ. ದೋಣಿ ನೀರಿಗೆ ಇಳಿಸುವ ಇಳಿಜಾರಿನ, ಅಂದರೆ ರ್‍ಯಾಂಪಿನ ಮೇಲೆ ನದಿ ಬಿಟ್ಟು ಹೋದ ಮಣ್ಣು ಜಾರುತ್ತದೆ, ಚಪ್ಪಲಿಯಲ್ಲಿ ಇಳಿಯಬೇಡಿ.

ಬೆಳಿಗ್ಗೆ, ಕಾ ಪಾಯಿಂಟ್

ಇದು ಕಾನ್ಸಾಸ್ ನದಿ ಮಿಸೌರಿಯನ್ನು ಸೇರುವ ಜಾಗ. 1804ರ ಜೂನ್ ಕೊನೆಯಲ್ಲಿ ಅನ್ವೇಷಕರಾದ ಲೂಯಿಸ್ ಮತ್ತು ಕ್ಲಾರ್ಕ್ ತಂಡ ಪಶ್ಚಿಮಕ್ಕೆ ಹೋಗುವಾಗ ಇಲ್ಲೇ ತಂಗಿತ್ತು. ದೋಣಿ ಇಳಿಸುವುದು ಕಾನ್ಸಾಸ್ ನದಿಯ ನಿಧಾನ ನೀರಿಗೆ. ಸ್ವಲ್ಪ ಮುಂದೆ ಹೋದರೆ ಮಿಸೌರಿಯ ಜೋರು ಹರಿವು. ಎರಡು ನೀರು ಸೇರುವ ಗೆರೆಯಲ್ಲಿ ದೋಣಿ ತೂಗುತ್ತದೆ. ಅಭ್ಯಾಸ ಇಲ್ಲದವರು ಅಲ್ಲಿ ಮಗುಚಬಹುದು. ಅವರು ಆ ಗೆರೆ ದಾಟುವವರೆಗೂ ನೀವು ದಡ ಬಿಡಬೇಡಿ.

ಕಾರಿನಿಂದ ದೋಣಿ ಇಳಿಸಿ, ಸಾಮಾನು ತುಂಬುವುದನ್ನು ರ್‍ಯಾಂಪಿನ ಪಕ್ಕಕ್ಕೆ ಇಟ್ಟುಕೊಂಡು ಮಾಡಿ. ರ್‍ಯಾಂಪ್ ಎಲ್ಲರದ್ದು, ಮೀನು ಹಿಡಿಯುವವರು ಟ್ರೇಲರ್ ಹಿಂದೆ ತರುತ್ತಿರುತ್ತಾರೆ. ಲೈಫ್ ಜಾಕೆಟ್ ಮೈಮೇಲೆ ಇದೆಯಾ, ಗುಂಡಿ ಹಾಕಿದೆಯಾ ನೋಡಿ. ದೋಣಿಯೊಳಗೆ ಬಿದ್ದಿರುವ ಜಾಕೆಟ್ ಕಾನೂನಿಗೆ ಸಾಕಾಗಬಹುದು, ಜೀವಕ್ಕೆ ಸಾಕಾಗುವುದಿಲ್ಲ. ಫೋನ್ ಒದ್ದೆಯಾಗದ ಚೀಲದಲ್ಲಿ, ಮೈಗೆ ಕಟ್ಟಿಕೊಂಡಿರಲಿ. ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ ಹಾಕಿಸಿ. ಅವರ ಕಾರಿನ ಕೀಲಿ ನಿಮ್ಮ ಕೈಗೆ ಬರಲಿ, ನೀರಿಗೆ ಹೋಗುವುದು ಬೇಡ.

ಕೊನೆಗೆ ಒಂದು ಎಚ್ಚರಿಕೆಯ ಮಾತು ಹೇಳಿ ಕಳಿಸಿ. ಕಾನ್ಸಾಸ್ ಸಿಟಿ ದಾಟುವವರೆಗೆ ಸೇತುವೆಯ ಕಂಬಗಳು ಬರುತ್ತವೆ, ದಡಕ್ಕೆ ಕಟ್ಟಿ ನಿಲ್ಲಿಸಿದ, ಸರಕು ಸಾಗಿಸುವ ಚಪ್ಪಟೆ ಬಾರ್ಜ್‌ಗಳೂ ಇರಬಹುದು. ನಿಂತ ಬಾರ್ಜ್‌ನ ನೀರು ಬಂದು ಬಡಿಯುವ ಕಡೆ ಹರಿವು ದೋಣಿಯನ್ನು ಅದರ ಅಡಿಗೆ ಎಳೆಯುತ್ತದೆ. ದೂರದಿಂದಲೇ ಸರಿದು ಹೋಗಬೇಕು. ಹಡಗುಗಳಿಗೆ ದಾರಿ ತೋರಿಸಲು ತೇಲಬಿಟ್ಟ ಬಣ್ಣದ ಬೋಯ್‌ಗಳೂ ಅಷ್ಟೇ. ಹರಿವಿನ ಒತ್ತಡಕ್ಕೆ ಮುಳುಗಿ ದಿಢೀರಂತ ಮೇಲೆ ಏಳುತ್ತವೆ.

ಹೊರಟ ಸಮಯ ಬರೆದುಕೊಳ್ಳಿ.

ದಾರಿಯಲ್ಲಿ

ಮೊದಲ ಭೇಟಿ ಲಾ ಬೆನೀಟ್ ಪಾರ್ಕ್. 291ನೇ ಹೆದ್ದಾರಿಯ ಸೇತುವೆಯ ಬಳಿ ಇದೆ. ಕಾರಿನಲ್ಲಿ ಬೇಗ ತಲುಪುತ್ತೀರಿ, ಹಾಗಾಗಿ ಐಸ್, ಪೆಟ್ರೋಲು, ನಿಮ್ಮ ತಿಂಡಿ ಎಲ್ಲ ಈ ನಡುವೆಯೇ ಮುಗಿಸಿ. ಆಮೇಲೆ ಊರುಗಳು ಚಿಕ್ಕವಾಗುತ್ತವೆ. ಲೆಕ್ಸಿಂಗ್ಟನ್ ಕಡೆಗೆ 24ನೇ ಹೆದ್ದಾರಿ ಹಿಡಿದು, ಮುಂದೆ ನದಿಯ ಹತ್ತಿರವೇ ಹೋಗುವ 224ಕ್ಕೆ ತಿರುಗಬಹುದು. ಸಮಯವಿದ್ದರೆ ಸಿಬ್ಲಿ ಊರಿನ ಫೋರ್ಟ್ ಓಸೇಜ್ ಕೋಟೆ ನೋಡಿ. 1808ರಲ್ಲಿ ಕಟ್ಟಿದ್ದು, ಈಗ ಇರುವುದು ಮತ್ತೆ ಕಟ್ಟಿದ ರೂಪ. ನದಿಯ ಮೇಲಿನ ಗುಡ್ಡದಲ್ಲಿದೆ.

ನದಿಯ ಪಕ್ಕದಲ್ಲೇ ರೈಲು ಹಳಿಗಳು ಇವೆ. ಕೆಲವು ರ್‍ಯಾಂಪುಗಳಿಗೆ ಹಳಿ ದಾಟಿಯೇ ಹೋಗಬೇಕು. ಅಮೆರಿಕದ ಗೂಡ್ಸ್ ರೈಲು ಒಂದು ಮೈಲಿಗೂ ಉದ್ದ ಇರಬಹುದು, ಗೇಟಿನಲ್ಲಿ ನಿಂತರೆ ನಿಂತೇ ಬಿಡುತ್ತದೆ. ಮುಂಚೆ ಹೋಗಿ ಅನ್ನುವುದಕ್ಕೆ ಇದೂ ಒಂದು ಕಾರಣ.

ನೀವೂ ನೆರಳಲ್ಲಿ ಕೂರಿ, ನೀರು ಕುಡಿಯಿರಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಿದ್ದೆ ಬಂದರೆ ಅಲಾರಂ ಇಟ್ಟು ಮಲಗಿ. ನಿದ್ದೆಗಣ್ಣಿನಲ್ಲಿ ಕಾರು ಓಡಿಸುವುದು ನದಿಗಿಂತ ಅಪಾಯ. ದಡದ ಪೊದೆಗಳಿಗೆ ನುಗ್ಗಬೇಡಿ. ಮೂರು ಮೂರು ಎಲೆಯ ಪಾಯ್ಸನ್ ಐವಿ ಬಳ್ಳಿ ತಗುಲಿದರೆ ವಾರಗಟ್ಟಲೆ ತುರಿಕೆ, ಜೊತೆಗೆ ರಕ್ತ ಹೀರುವ ಉಣ್ಣೆ ಹುಳಗಳು.

ದೋಣಿ ದಡಕ್ಕೆ ಬಂದಾಗ

ಈ ಇಪ್ಪತ್ತು ನಿಮಿಷಕ್ಕಾಗಿಯೇ ನೀವು ಬಂದಿರುವುದು. ಅವರು ಕಣ್ಣಿಗೆ ಬೀಳುವ ಮೊದಲೇ ಎಲ್ಲ ಹರಡಿ ಇಟ್ಟಿರಿ: ತುಂಬಿದ ಬಾಟಲಿಗಳು, ಬಿಚ್ಚಿದ ಊಟದ ಡಬ್ಬಿ, ಕುರ್ಚಿ, ಐಸ್ ನೀರಲ್ಲಿ ಅದ್ದಿದ ಟವೆಲ್. ಒಂದು ಬಣ್ಣದ ಬಾವುಟ ಅಥವಾ ದೊಡ್ಡ ಛತ್ರಿ ಎತ್ತಿ ಹಿಡಿಯಿರಿ. ರ್‍ಯಾಂಪ್ ಎಲ್ಲಿದೆ ಅಂತ ನೀರಿನ ಮಟ್ಟದಿಂದ ಬೇಗ ಗೊತ್ತಾಗುವುದಿಲ್ಲ, ದಾಟಿ ಹೋದರೆ ಹರಿವಿನ ಎದುರು ಹಿಂತಿರುಗುವುದು ತುಂಬಾ ಕಷ್ಟ.

ದೋಣಿ ಹತ್ತಿರ ಬಂದಾಗ ಮೂತಿ ಹಿಡಿದುಕೊಳ್ಳಿ. ಮೊಣಕಾಲಿಗಿಂತ ಆಳದ ನೀರಿಗೆ ಇಳಿಯಬೇಡಿ. ಅವರು ಎದ್ದು ನಿಲ್ಲುವಾಗ ಕೈ ಕೊಡಿ. ಗಂಟೆಗಟ್ಟಲೆ ಮಡಚಿದ್ದ ಕಾಲು ಮೊದಲ ಎರಡು ಹೆಜ್ಜೆ ಮಾತು ಕೇಳುವುದಿಲ್ಲ.

ಮೊದಲು ಮುಖ ನೋಡಿ, ಆಮೇಲೆ ಊಟ ಕೊಡಿ. ಕಣ್ಣು ಕಣ್ಣಿಗೆ ಸೇರುತ್ತಿದೆಯಾ? ಮಾತು ಸ್ಪಷ್ಟ ಇದೆಯಾ? "ಈಗ ಎಷ್ಟು ಗಂಟೆ ಇರಬಹುದು? ಮುಂದಿನ ಊರು ಯಾವುದು?" ಅಂತ ಸಹಜವಾಗಿ ಕೇಳಿ. ಕೊನೆಯ ಸಲ ಮೂತ್ರ ಯಾವಾಗ ಹೋಯಿತು, ಯಾವ ಬಣ್ಣ ಅಂತ ನೇರವಾಗಿ ಕೇಳಿ, ನಾಚಿಕೆ ಬೇಡ. ಗಾಢ ಹಳದಿ ಅಂದರೆ ನೀರು ಸಾಲುತ್ತಿಲ್ಲ. ಉತ್ತರಗಳು ಅಡ್ಡಾದಿಡ್ಡಿ ಬಂದರೆ, ನಡೆಯುವಾಗ ತೂರಾಡಿದರೆ, ಅದು ಬಿಸಿಲಾಘಾತ ಇರಬಹುದು. ತಕ್ಷಣ ತುರ್ತು ಸಹಾಯದ ನಂಬರ್ 911ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೆ ದಣಿದವರನ್ನು ನೆರಳಿಗೆ ತಂದು ಮೈಗೆ ತಣ್ಣೀರು ಸುರಿಯುತ್ತಾ ಗಾಳಿ ಹಾಕಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್ ಇಡಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಎಲ್ಲ ಸರಿ ಇದ್ದರೆ ಕೂಡಲೇ ಊಟ. "ಏನು ಬೇಕು?" ಅಂತ ಕೇಳಬೇಡಿ, ದಣಿದವರಿಗೆ ಆರಿಸಲು ಆಗುವುದಿಲ್ಲ. ತಟ್ಟೆ ಕೈಗೆ ಕೊಟ್ಟುಬಿಡಿ. ಅವರು ತಿನ್ನುವಾಗ ನೀವು ಬಾಟಲಿ ಬದಲಿಸಿ, ದೋಣಿಯೊಳಗಿನ ನೀರು ಹೊರಹಾಕಿ, ಕಸ ತೆಗೆದುಕೊಳ್ಳಿ. ಹಿಂದಿನ ತಿಂಡಿಯಲ್ಲಿ ಎಷ್ಟು ಉಳಿದಿದೆ ನೋಡಿ. ಪೊಟ್ಟಣ ಹಾಗೇ ವಾಪಸ್ ಬಂದಿದ್ದರೆ ತಿನ್ನುತ್ತಿಲ್ಲ ಅಂತ ಅರ್ಥ. ಅಂಗೈಯಲ್ಲಿ ಕೆಂಪಾದ ಜಾಗ ಕಂಡರೆ ಬೊಬ್ಬೆ ಏಳುವ ಮೊದಲೇ ಟೇಪ್ ಸುತ್ತಿ.

ಮಾತು ಕಡಿಮೆ, ಪ್ರೀತಿಯಿಂದ ಇರಲಿ. "ಇನ್ನೂ ಅಷ್ಟು ದೂರ ಇದೆಯಾ!" ಅನ್ನಬೇಡಿ. "ಗಂಟೆಗೆ ಆರು ಮೈಲಿ ಬರ್ತಿದೀರಿ, ಮುಂದಿನದು ಆರು ಗಂಟೆ, ಗಾಳಿ ಹಿಂದಿನಿಂದ ಇದೆ" ಅಂತ ಹೇಳಿ. ನಿಜ ಇರುವುದನ್ನೇ ಹೇಳಿ. ಗಾಳಿ ಎದುರಿಗಿದ್ದರೆ ಎದುರಿಗಿದೆ ಅಂತಲೇ ತಿಳಿಸಿ, ಸುಳ್ಳು ಸಮಾಧಾನ ಮುಂದಿನ ತಿರುವಿನಲ್ಲೇ ಬಯಲಾಗುತ್ತದೆ. ಒಪ್ಪಿದ ಹೊತ್ತು ಮುಗಿದಾಗ ಎಬ್ಬಿಸಿ ಕಳಿಸಿ. ನೆರಳಲ್ಲಿ ಕುರ್ಚಿ ಸಿಕ್ಕಿದ ಮೇಲೆ ಏಳುವುದು ಯಾರಿಗೂ ಇಷ್ಟವಾಗುವುದಿಲ್ಲ, ಅಲ್ವಾ?

ಹೇಳಿದ ಹೊತ್ತಿಗೆ ಬಾರದಿದ್ದರೆ

ಅರ್ಧ ಗಂಟೆ ತಡ ಸಾಮಾನ್ಯ. ಲೈವ್ ಲೊಕೇಶನ್ ನಿಂತುಹೋದರೂ ಕೂಡಲೇ ಹೆದರಬೇಡಿ, ಗುಡ್ಡಗಳ ಕೆಳಗೆ ಸಿಗ್ನಲ್ ಹೋಗುತ್ತದೆ. ಕೊನೆಯದಾಗಿ ಅವರು ಕಂಡ ಮೈಲಿ ಮತ್ತು ಸಮಯ ನೋಡಿ ಲೆಕ್ಕ ಮತ್ತೆ ಹಾಕಿ. ನದಿಯಿಂದ ಬರುತ್ತಿರುವ ಬೇರೆ ದೋಣಿಯವರನ್ನು ಬಣ್ಣ ಹೇಳಿ ಕೇಳಿ. ನೀವು ರ್‍ಯಾಂಪ್ ಬಿಟ್ಟು ಹುಡುಕಿಕೊಂಡು ಹೋಗಬೇಡಿ, ಇಬ್ಬರು ಗ್ರೌಂಡ್ ಕ್ರೂ ಇದ್ದರೆ ಮಾತ್ರ ಒಬ್ಬರು ಹಿಂದಿನ ನಿಲುಗಡೆಗೆ ಹೋಗಬಹುದು.

ಹಾಳೆಯಲ್ಲಿ ಬರೆದ ಎರಡನೆಯ ಸಮಯ ಬಂದರೆ ಫೋನ್ ಮಾಡಿ. 911 ಎಲ್ಲ ಕಡೆ ನಡೆಯುತ್ತದೆ. ಮಿಸೌರಿ ರಾಜ್ಯದಲ್ಲಿ ಮೊಬೈಲಿನಿಂದ *55 ಒತ್ತಿದರೆ ಹೆದ್ದಾರಿ ಗಸ್ತು ಪೊಲೀಸರು ಸಿಗುತ್ತಾರೆ, 2011ರಿಂದ ನೀರಿನ ಗಸ್ತೂ ಅವರದ್ದೇ. ನದಿಯ ಮೈಲಿ ಸಂಖ್ಯೆ, ನೀರು ಹರಿದು ಹೋಗುವ ಕಡೆಗೆ ಮುಖ ಮಾಡಿದರೆ ಎಡದಡವೋ ಬಲದಡವೋ, ದೋಣಿಯ ಬಣ್ಣ, ಎಷ್ಟು ಜನ, ಬಟ್ಟೆಯ ಬಣ್ಣ, ಕೊನೆಯ ಸುದ್ದಿ ಬಂದ ಸಮಯ ಇಷ್ಟನ್ನೂ ಹಾಳೆ ನೋಡಿ ಓದಿಬಿಡಿ. ಫೋನ್ ಮಾಡಿದ ಐದು ನಿಮಿಷಕ್ಕೆ ಅವರು ನಗುತ್ತಾ ಬಂದರೂ ಪರವಾಗಿಲ್ಲ, ಮತ್ತೆ ಫೋನ್ ಮಾಡಿ ತಿಳಿಸಿದರಾಯಿತು.

ಲೆಕ್ಸಿಂಗ್ಟನ್ ಮುಟ್ಟಿದ ಮೇಲೆ

ಒಣಬಟ್ಟೆ, ಬಿಸಿ ಊಟ, ಆಮೇಲೆ ದೋಣಿ. ಕಾರಿನ ಮೇಲೆ ಎರಡು ಕಡೆ ಬೆಲ್ಟ್ ಬಿಗಿದು, ಹಿಂದೆ ಮುಂದೆ ಹಗ್ಗ ಕಟ್ಟಿ, ಕೈಯಿಂದ ಅಲ್ಲಾಡಿಸಿ ನೋಡಿ. ಹತ್ತು ನಿಮಿಷ ಓಡಿಸಿದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಬಿಗಿಯಿರಿ. ಮನೆಗೆ ಕಾರು ಓಡಿಸುವುದು ನೀವೇ. ಅವರಿಗೆ ಉತ್ಸಾಹ ಇದ್ದರೂ ಕೈಗೆ ಸ್ಟೇರಿಂಗ್ ಕೊಡಬೇಡಿ.

ದಾರಿಯಲ್ಲಿ ನೆನಪು ಹಸಿ ಇರುವಾಗಲೇ ಒಬ್ಬರು ಬರೆದುಕೊಳ್ಳಲಿ: ಯಾವ ತಿಂಡಿ ಖಾಲಿಯಾಯಿತು, ಯಾವುದು ಹಾಗೇ ಬಂತು, ಎಷ್ಟು ಲೀಟರ್ ಕುಡಿದರು, ಯಾವ ಜಾಗದಲ್ಲಿ ಸಿಗ್ನಲ್ ಇರಲಿಲ್ಲ, ಸರಾಸರಿ ವೇಗ ಎಷ್ಟು. ರೇಸ್ ದಿನದ ಲೆಕ್ಕವೆಲ್ಲ ಇದರ ಮೇಲೆಯೇ ನಿಲ್ಲುತ್ತದೆ. ಮನೆಗೆ ಹೋದ ಮೇಲೆ ಲೈಫ್ ಜಾಕೆಟ್ ಒಣಗಿಸಿ, ಐಸ್ ಪೆಟ್ಟಿಗೆ ತೊಳೆಯಿರಿ, ಎಲ್ಲರೂ ಮೈಮೇಲೆ ಉಣ್ಣೆ ಹುಳ ಇದೆಯಾ ನೋಡಿಕೊಳ್ಳಿ.

ಮುಂದಿನ ಅಭ್ಯಾಸಕ್ಕೆ 317ರಿಂದ 294ನೇ ಮೈಲಿಯ ವೇವರ್ಲಿಯವರೆಗೆ, ಮಧ್ಯಾಹ್ನದ ಕೊನೆಯಲ್ಲಿ ಹೊರಟು ಕತ್ತಲಲ್ಲಿ ಮುಗಿಸುವ ಯೋಜನೆ ಹಾಕಿ. 23 ಮೈಲಿ, ಸುಮಾರು ನಾಲ್ಕು ಗಂಟೆ. ಹುಣ್ಣಿಮೆಯ ಹತ್ತಿರದ ದಿನ ನೋಡಿ. ದೋಣಿಗೆ ಮುಂದೆ ಕೆಂಪು ಹಸಿರು ದೀಪ, ಹಿಂದೆ ಬಿಳಿ ದೀಪ ಬೇಕಾಗುತ್ತದೆ. ರ್‍ಯಾಂಪಿನಲ್ಲಿ ನೀವು ಹಿಡಿಯುವ ದೀಪ ಬೇರೆ ಎಲ್ಲರಿಗಿಂತ ಬೇರೆ ಬಣ್ಣದ್ದಿರಲಿ, ಮತ್ತು ಅದನ್ನು ದೋಣಿಯವರ ಕಣ್ಣಿಗೆ ನೇರವಾಗಿ ಹಿಡಿಯದೆ ನೆಲದ ಮೇಲೆ ಬೀಳುವಂತೆ ಇಡಿ.